ತಾವರಗೇರಾದಲ್ಲಿ ಅನುಮತಿಯಿಲ್ಲದೆ ಹೆಚ್ಚಿದ ಹಾಗೂ ಇಳಿದ ತೂಕದ ಕುರಿತು

ಜಿಲ್ಲಾ ತೂಕ ಸಮನ್ವಯ ಕೋಶ
(ಮಕ್ಕಳು ಹಾಗೂ ಸಾಕುಪ್ರಾಣಿಗಳು)
ಕೊಪ್ಪಳ

ಸಂಖ್ಯೆ: ಜಿತೂಸಕೋ/ಕೊ/ಮಗು-ನಾಯಿ/ಹೆಚ್ಚಳ-ಇಳಿಕೆ/2024-25

ಸುತ್ತೋಲೆ

ವಿಷಯ: ಕುಷ್ಟಗಿ ತಾಲ್ಲೂಕು ತಾವರಗೇರಾದಲ್ಲಿ ಒಂದು ಮಗುವಿನ ತೂಕ ಹೆಚ್ಚಿರುವ ಹಾಗೂ ಒಂದು ನಾಯಿಯ ತೂಕ ಇಳಿದಿರುವ ಬಗ್ಗೆ, ಸದರಿ ಸುಧಾರಣೆಗೆ ಪೂರ್ವಾನುಮತಿ ಪಡೆಯದೇ ಇರುವ ಬಗ್ಗೆ, ಅದನ್ನು ಈಗ ಸಕ್ರಮಗೊಳಿಸಿ ಇಡೀ ಜಿಲ್ಲೆಗೆ ಅನ್ವಯಿಸುವ ಬಗ್ಗೆ.

ಉಲ್ಲೇಖ:
1. ಶ್ರೀಮತಿ ಪಾರ್ವತೆಮ್ಮ, ತಾವರಗೇರಾ, ಇವರ ದೂರವಾಣಿ ದೂರು.
2. ಈ ಕೋಶದ ತೂಕ ಪರಿವೀಕ್ಷಕ ಶ್ರೀ ಸಿದ್ದಲಿಂಗೇಶ ಇವರ ಮೊದಲನೇ ವರದಿ (ಅಂಗೀಕರಿಸಲಾಗಿದೆ).
3. ಅವರದೇ ಎರಡನೇ ವರದಿ (ಕೇಳಿರಲಿಲ್ಲ).

ಪ್ರಸ್ತಾವನೆ:

1. ತಾವರಗೇರಾದ ಒಂದು ಅಂಗನವಾಡಿ ಕೇಂದ್ರಕ್ಕೆ ಬರುವ ವಾಣಿಶ್ರೀ ಎಂಬ ನಾಲ್ಕು ವರ್ಷದ ಮಗುವಿನ ತೂಕವು ಕಳೆದ ಬೇಸಿಗೆಯಿಂದ ಏರದೆ ನಿಂತಿದ್ದು, ಮಳೆಗಾಲ ಹಿಡಿಯುವಷ್ಟರಲ್ಲಿ ಇಳಿಯತೊಡಗಿತು. ಕೇಂದ್ರದ ಕಾರ್ಯಕರ್ತೆ ಶ್ರೀಮತಿ ಮೆಹಜಬೀನ ಇವರು ಇದನ್ನು ಕೋಶದ ಗಮನಕ್ಕೆ ತಂದರು. ಕೋಶವು ವಿಳಂಬ ಮಾಡದೆ ತೂಕದ ಯಂತ್ರವನ್ನು ಬದಲಿಸಿತು. ಹೊಸ ಯಂತ್ರವೂ ಹಳೆಯ ತೂಕವನ್ನೇ ತೋರಿಸಿದ್ದರಿಂದ, ಮಗುವಿಗೆ ಸ್ವೆಟರ್ ಹಾಗೂ ಬೂಟು ತೊಡಿಸಿ ತೂಗುವಂತೆ ಮೌಖಿಕವಾಗಿ ಸೂಚಿಸಲಾಯಿತು. ಇದರಿಂದ ಗಮನಾರ್ಹ ಪ್ರಗತಿ ಕಂಡುಬಂದಿತು. ಆದರೆ ಸದರಿ ಕಾರ್ಯಕರ್ತೆಯು ಮರುದಿನವೇ ಸ್ವೆಟರ್ ಬಿಚ್ಚಿಸಿ, ಬೂಟು ಕಳಚಿಸಿ, ಮತ್ತೆ ತೂಗಿ, ಹಳೆಯ ತೂಕವನ್ನೇ ಕಳುಹಿಸಿ, ಕೋಶವು ಸಾಧಿಸಿದ ಪ್ರಗತಿಯನ್ನು ಅಳಿಸಿಹಾಕಿದರು. ಕಾರಣ ಕೇಳಲಾಗಿ, "ಸ್ವೆಟರ್ ಊಟ ಮಾಡಂಗಿಲ್ರಿ ಸರ್. ಉಣ್ಣಬೇಕಾದಾಕಿ ಹುಡುಗಿ" ಎಂದು ಉತ್ತರಿಸಿರುತ್ತಾರೆ. (ಹೇಳಿಕೆಗಳನ್ನು ತಿದ್ದಬಾರದೆಂಬ ನಿಯಮವಿರುವುದರಿಂದ ಈ ಸುತ್ತೋಲೆಯಲ್ಲಿ ಎಲ್ಲರ ಮಾತನ್ನೂ ಆಡಿದ ಹಾಗೆಯೇ ಇಡಲಾಗಿದೆ. ಓದುವವರು ಸಹಿಸಿಕೊಳ್ಳುವುದು.)

2. ಈ ನಡುವೆ ಮಗುವಿನ ಅಜ್ಜಿ ಶ್ರೀಮತಿ ಪಾರ್ವತೆಮ್ಮ ಇವರು ಸಹಾಯವಾಣಿಗೆ ಕರೆ ಮಾಡಿ ಈ ಕೆಳಗಿನಂತೆ ದೂರಿದರು: "ಕೇಂದ್ರದಾಗ ಕೊಡು ತತ್ತಿ ನಮ್ಮ ಮೊಮ್ಮಗಳ ಬಾಯಿಗೆ ಮುಟ್ಟವಲ್ದು ನೋಡ್ರಿ. ಎಲ್ಲಾ ಆಫೀಸರ ತಿಂತಾನ. ತಿಂದು ತಿಂದು ಹೊಟ್ಟಿ ನೆಲಕ್ಕ ಹತ್ತೈತಿ ಅವಂದು. ಕೂಸು ನೋಡಿದ್ರ ಕಡ್ಡಿ ಆಗೈತಿ." ಸಹಾಯವಾಣಿಯ ಸಿಬ್ಬಂದಿಯು ಇದನ್ನು ‘ಅಧಿಕಾರಿಯಿಂದ ಮಕ್ಕಳ ಮೊಟ್ಟೆ ಸೇವನೆ’ ಎಂಬ ಶೀರ್ಷಿಕೆಯಡಿ ದಾಖಲಿಸಿಕೊಂಡು ಮೇಲಕ್ಕೆ ಕಳುಹಿಸಿದರು.

3. ದೂರಿನಲ್ಲಿ ಅಧಿಕಾರಿಯ ಹೆಸರಾಗಲಿ ಹುದ್ದೆಯಾಗಲಿ ಇರಲಿಲ್ಲ. ಹೊಟ್ಟೆಯ ವಿವರ ಮಾತ್ರ ಇತ್ತು. ಸದರಿ ವಿವರಕ್ಕೆ ಹೊಂದುವ ಅಧಿಕಾರಿಗಳು ಜಿಲ್ಲೆಯಲ್ಲಿ ಹೇರಳವಾಗಿದ್ದ ಕಾರಣ ವಿಚಾರಣೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯಲಿಲ್ಲ. ಅಷ್ಟರಲ್ಲಿ, ಯಾರನ್ನೂ ಕೇಳುವ ಮೊದಲೇ, ವಿವರಣೆಗಳು ತಾವಾಗಿಯೇ ಬರತೊಡಗಿದವು. ಗಂಗಾವತಿ ಕಡೆಯ ಒಬ್ಬ ಅಧಿಕಾರಿಯು ತಾನು ಹುಟ್ಟಿನಿಂದ ಸಸ್ಯಾಹಾರಿಯೆಂದು ತಿಳಿಸಿದರು. ಯಲಬುರ್ಗಾ ಕಡೆಯ ಇನ್ನೊಬ್ಬರು ವೈದ್ಯರ ಸಲಹೆಯಂತೆ ತಾನು ಮೊಟ್ಟೆಯ ಬಿಳಿಯ ಭಾಗವನ್ನು ಮಾತ್ರ ತಿನ್ನುವುದಾಗಿಯೂ, ಹಳದಿ ಭಾಗದ ಬಗ್ಗೆ ತನಗೆ ಏನೂ ಗೊತ್ತಿಲ್ಲವೆಂದೂ ಬರೆದರು. ಮೂರನೆಯವರು ರಜೆಯ ಮೇಲೆ ತೆರಳಿದರು. ಪರಿಸ್ಥಿತಿ ಹೀಗಿರಲಾಗಿ, ಈ ಕೋಶದಲ್ಲಿ ತೆಳ್ಳಗಿರುವವರು ಶ್ರೀ ಸಿದ್ದಲಿಂಗೇಶ ಒಬ್ಬರೇ ಆಗಿದ್ದು, ಅವರ ನಿಷ್ಪಕ್ಷಪಾತದ ಬಗ್ಗೆ ಯಾರಿಗೂ ಅನುಮಾನ ಬಾರದೆಂಬ ಕಾರಣಕ್ಕೆ ಅವರನ್ನೇ ವಿಚಾರಣಾಧಿಕಾರಿಯಾಗಿ ನೇಮಿಸಲಾಯಿತು.

4. ಶ್ರೀ ಸಿದ್ದಲಿಂಗೇಶ ಇವರು ತಾವರಗೇರಾಕ್ಕೆ ತೆರಳಿ, ದೂರುದಾರರ ಮನೆಯ ಮುಂದಿನ ಕಟ್ಟೆಯ ಬಳಿ ನಿಂತು ಹೇಳಿಕೆ ಪಡೆದರು. ಅದರ ಮುಖ್ಯ ಭಾಗ ಹೀಗಿದೆ:

ಪ್ರಶ್ನೆ: ಆ ಆಫೀಸರು ಇಲ್ಲಿಗೆ ಯಾವಾಗ ಬರುತ್ತಾರೆ?
ಉತ್ತರ: ಬರೂದೇನ್ ಬಂತು ಯಪ್ಪಾ, ಇಲ್ಲೇ ಇರ್ತಾನ. ಹಗಲೆಲ್ಲಾ ನೆಳ್ಳಾಗ ಮಲಗಿರ್ತಾನ.
ಪ್ರಶ್ನೆ: ಕೆಲಸವೇನು ಮಾಡುತ್ತಾರೆ?
ಉತ್ತರ: ಏನೂ ಇಲ್ಲ. ಊಟದ ಹೊತ್ತಿಗೆ ಏಳ್ತಾನ, ತಿಂತಾನ, ಮತ್ತ ಮಲಗ್ತಾನ.
(ಈ ಉತ್ತರದಿಂದಲೂ ಅಧಿಕಾರಿಯ ಗುರುತು ಪತ್ತೆಯಾಗಲಿಲ್ಲವೆಂದು ಪರಿವೀಕ್ಷಕರು ಟಿಪ್ಪಣಿ ಬರೆದಿದ್ದಾರೆ.)
ಪ್ರಶ್ನೆ: ತಿನ್ನಬೇಡಿ ಎಂದು ಯಾರೂ ಹೇಳಲಿಲ್ಲವೇ?
ಉತ್ತರ: ಹೇಳಿದ್ರ ಗುರ್ ಅಂತಾನ.
ಪ್ರಶ್ನೆ: ನಾನು ಅವರನ್ನು ಭೇಟಿಯಾಗಬಹುದೇ?
ಉತ್ತರ: ಸ್ವಲ್ಪ ಸರೀರಿ ಸಾಹೇಬ್ರ, ಅವನ ಬಾಲ ತುಳಿತೀರಿ.

5. ಹೀಗೆ, ಆಫೀಸರ ಎಂಬುದು ಕಂದು ಬಣ್ಣದ ಒಂದು ಗಂಡು ನಾಯಿಯ ಹೆಸರೆಂದು ಸ್ಥಳದಲ್ಲಿಯೇ ಮನವರಿಕೆಯಾಯಿತು. ಈ ಹೆಸರನ್ನು ಇಟ್ಟವರು ಮಗುವಿನ ತಂದೆ, ತಾವರಗೇರಾ ಹಾಗೂ ಕುಷ್ಟಗಿ ನಡುವೆ ಟಂಟಂ (ಮೂರು ಗಾಲಿಯ ಪ್ರಯಾಣಿಕರ ಗಾಡಿ) ಓಡಿಸುವ ಶ್ರೀ ಶರಣಕುಮಾರ. ಹೀಗೆ ಹೆಸರಿಡಲು ಕಾರಣವೇನೆಂದು ಅವರನ್ನು ಕೇಳಲಾಗಿದ್ದು, ಅವರು ನಕ್ಕಿರುತ್ತಾರೆ. ನಗುವನ್ನು ದಾಖಲಿಸಲು ನಮೂನೆಯಲ್ಲಿ ಅಂಕಣವಿಲ್ಲ. ನಾಯಿಯ ವಿಷಯ ತಿಳಿದ ದಿನವೇ ರಜೆಯ ಮೇಲಿದ್ದ ಅಧಿಕಾರಿಯು ಕರ್ತವ್ಯಕ್ಕೆ ಮರಳಿದರು.

6. ಬಳಿಕ ನಾಯಿಯನ್ನು ಮಾರುಕಟ್ಟೆಯಲ್ಲಿ ಶೇಂಗಾ ಚೀಲ ತೂಗುವ ಕಾಟಾದ ಮೇಲೆ ಕೂರಿಸಿ ತೂಗಲಾಯಿತು. ಅದರ ತೂಕವು ನಾಯಿಗೆ ಇರಬೇಕಾದುದಕ್ಕಿಂತ ಬಹಳ ಹೆಚ್ಚಿತ್ತು. ಶ್ರೀ ಸಿದ್ದಲಿಂಗೇಶ ಇವರು ತಮ್ಮ ಮೊದಲನೇ ವರದಿಯಲ್ಲಿ, ವಾಡಿಕೆಯ ವಿಧಾನವನ್ನು ಅನುಸರಿಸಿ, ಮಗುವಿನ ತೂಕ ಹಾಗೂ ನಾಯಿಯ ತೂಕವನ್ನು ಕೂಡಿಸಿ ಎರಡರಿಂದ ಭಾಗಿಸಿ, "ಸದರಿ ಮನೆಯ ಸರಾಸರಿ ತೂಕ ತೃಪ್ತಿಕರವಾಗಿದೆ" ಎಂದು ಬರೆದರು. ವರದಿಯನ್ನು ಅಂಗೀಕರಿಸಲಾಯಿತು. ಆದರೆ ಅದರ ಪ್ರತಿಯನ್ನು ಕೇಂದ್ರದಲ್ಲಿ ಓದಿ ಹೇಳುತ್ತಿರುವಾಗ ಶ್ರೀಮತಿ ಮೆಹಜಬೀನ ಇವರು ಮಧ್ಯೆ ಬಾಯಿ ಹಾಕಿ, "ಸರಾಸರಿ ಅನ್ನೂದು ತಾಟಿನಾಗ ಬೀಳಂಗಿಲ್ರಿ ಸರ್. ಒಮ್ಮಿ ಅಕಿ ತೋಳ ಹಿಡದು ನೋಡ್ರಿ" ಎಂದರು. ಪರಿವೀಕ್ಷಕರು ಮಗುವಿನ ತೋಳನ್ನು ಹಿಡಿದು ನೋಡಿದರೆಂದೂ, ಅವರ ಹೆಬ್ಬೆರಳು ಹಾಗೂ ನಡುಬೆರಳಿನ ನಡುವೆ ಅದು ಸಲೀಸಾಗಿ ಹಿಡಿಸಿತೆಂದೂ, ಆ ಬಳಿಕ ಅವರು ಅಂಗೀಕೃತ ವರದಿಯನ್ನು ಅರ್ಧಕ್ಕೇ ಮಡಿಚಿ ಜೇಬಿಗಿಟ್ಟರೆಂದೂ ತಿಳಿದುಬಂದಿದೆ. ಇದು ವಿಚಾರಣಾ ವಿಧಾನಕ್ಕೆ ಹೊರತಾದುದು.

7. ಸರಾಸರಿ ತೃಪ್ತಿಕರವಾಗಿದ್ದರೂ, ಮುನ್ನೆಚ್ಚರಿಕೆಯ ಕ್ರಮವಾಗಿ ನಾಯಿಯನ್ನು ಮಗುವಿನಿಂದ ಬೇರ್ಪಡಿಸಲು ಕೋಶವು ತೀರ್ಮಾನಿಸಿತು. ಅದರಂತೆ ಆಫೀಸರನನ್ನು ಇಲಾಖೆಯ ಜೀಪಿನಲ್ಲಿ ಕುಷ್ಟಗಿಗೆ ಒಯ್ದು, ಪಶುವೈದ್ಯ ಡಾ. ನಜೀಬ ಇವರ ಸುಪರ್ದಿಗೆ ಒಪ್ಪಿಸಲಾಯಿತು. ಜೀಪಿನ ಮುಂದಿನ ಸೀಟಿನಲ್ಲಿ ಕುಳಿತ ನಾಯಿಗೆ ದಾರಿಯಲ್ಲಿ ಇಬ್ಬರು ನಮಸ್ಕಾರ ಮಾಡಿದ್ದು, ಅದನ್ನು ಹಿಂಪಡೆಯಲಾಗಿದೆ. ಮಗುವು ಅಳುತ್ತ ಜೀಪಿನ ಹಿಂದೆ ಬಸ್ ನಿಲ್ದಾಣದವರೆಗೂ ಓಡಿತು. ಈ ಓಟದಿಂದ ಉಂಟಾದ ತೂಕ ನಷ್ಟವನ್ನು ಕೋಶದ ಲೆಕ್ಕಕ್ಕೆ ಹಾಕಬಾರದು.

8. ಇನ್ನು ಮೊಟ್ಟೆಯು ಮಗುವಿಗೇ ದಕ್ಕುವುದೆಂದು ನಿರೀಕ್ಷಿಸಲಾಗಿತ್ತು. ನಡೆದದ್ದು ಬೇರೆ. ಮಗುವು ಕೇಂದ್ರದಲ್ಲಿ ತಾಟನ್ನು ದೂರ ತಳ್ಳಿತು. ಮನೆಯಲ್ಲಿ ಊಟಕ್ಕೆ ಬಾಯಿ ಬಿಡಲಿಲ್ಲ. ತುತ್ತು ಹಿಡಿದಾಗಲೆಲ್ಲ "ಆಫೀಸರ ಉಂಡಾನೇನು?" ಎಂದು ಕೇಳಿ ಬಾಗಿಲ ಕಡೆ ನೋಡುತ್ತಿತ್ತು. ತೂಕ ಮತ್ತಷ್ಟು ಇಳಿಯಿತು, ಮೈ ಬೆಚ್ಚಗಾಗತೊಡಗಿತು. ಮಗುವಿನ ತಾಯಿ ಶ್ರೀಮತಿ ಸುನಿತಾ ಇವರು ಬಿತ್ತನೆ ಬೀಜದ ಹೊಲದಲ್ಲಿ ಹೂವಿಗೆ ಹೂವು ಮುಟ್ಟಿಸಿ ಪರಾಗ ಕೂಡಿಸುವ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಹೋಗಿ ಸಂಜೆ ಮರಳುವವರು. ಅವರು ಅಂದಿನ ಕೆಲಸ ಬಿಟ್ಟು ಮಗುವನ್ನು ಹೆಗಲಿಗೆ ಹಾಕಿಕೊಂಡು ಕೇಂದ್ರಕ್ಕೆ ಬಂದು, ಅಲ್ಲಿದ್ದ ಪರಿವೀಕ್ಷಕರನ್ನು, "ನಾಯಿ ಒಯ್ದ್ರಿ, ಛಲೋ ಆತು. ನನ್ನ ಮಗಳ ಹಸಿವಿ ಯಾವ ಜೀಪಿನ್ಯಾಗ ತರ್ತೀರಿ?" ಎಂದು ಕೇಳಿದರು. ಈ ಪ್ರಶ್ನೆಗೆ ಕೊಡಬೇಕಾದ ಉತ್ತರದ ಬಗ್ಗೆ ಪರಿವೀಕ್ಷಕರು ಕೋಶದ ಮಾರ್ಗದರ್ಶನ ಕೋರಿದರು. ಮಾರ್ಗದರ್ಶನ ಪರಿಶೀಲನೆಯಲ್ಲಿದೆ.

9. ಮಾರ್ಗದರ್ಶನಕ್ಕೆ ಕಾಯದೆ ಶ್ರೀ ಸಿದ್ದಲಿಂಗೇಶ ಇವರು ಒಂದು ಮುಂಜಾನೆ ತಾವಾಗಿಯೇ ಸದರಿ ಮನೆಗೆ ಹೋಗಿ ಕುಳಿತರು. (ಅಲ್ಲಿ ಕಂಡದ್ದೇ ಅವರ ಎರಡನೇ ವರದಿ.) ಸುನಿತಾ ಅಂದು ಅನಿವಾರ್ಯವಾಗಿ ಹೊಲಕ್ಕೆ ಹೊರಟಿದ್ದರು. ತಾಯಿ ಹೊಸ್ತಿಲು ದಾಟಿದೊಡನೆ ಮಗು ಅತ್ತಿತು. ಅಜ್ಜಿಯು ಚಹಾದಲ್ಲಿ ಬಿಸ್ಕೀಟು ಅದ್ದಿ ಕೊಟ್ಟರು, ಮಗು ಸುಮ್ಮನಾಯಿತು. ಅದು ಮುಗಿದ ಮೇಲೆ ಮತ್ತೆ ಅತ್ತಿತು. ಅಜ್ಜಿಯು ಅಂಗಡಿಯಿಂದ ಕುರುಕಲಿನ ಪಾಕೀಟು ತಂದು ಕೊಟ್ಟರು; ಮತ್ತೆ ಸುಮ್ಮನಾಯಿತು. ಕೇಂದ್ರಕ್ಕೆ ಹೊರಡುವ ಹೊತ್ತಿಗೆ ಇನ್ನೊಂದು ಪಾಕೀಟು ಆಯಿತು. ಆಫೀಸರ ಊರಲ್ಲಿದ್ದಾಗ ಇವೆಲ್ಲದರಲ್ಲೂ ಅವನಿಗೆ ಪಾಲಿತ್ತೆಂದು ವಿಚಾರಿಸಿದಾಗ ತಿಳಿಯಿತು. ಊಟದ ಹೊತ್ತಿಗೆ ಮಗುವಿನ ಹೊಟ್ಟೆಯಲ್ಲಿ ಜಾಗವಿರುತ್ತಿರಲಿಲ್ಲ. ಮೊಟ್ಟೆಯನ್ನು ಮಗುವು ತಾನಾಗಿಯೇ ಕೇಂದ್ರದ ಬಾಗಿಲಾಚೆ ಕಾಯುತ್ತಿದ್ದ ಆಫೀಸರನಿಗೆ ನೀಡುತ್ತಿತ್ತು. ಅಂದರೆ ನಾಯಿಯು ಕದ್ದಿರಲಿಲ್ಲ. ನಾಯಿಯ ಮೇಲಿನ ಆರೋಪವನ್ನು ಈ ಮೂಲಕ ಕೈಬಿಡಲಾಗಿದೆ.

10. ಇದನ್ನು ಪಾರ್ವತೆಮ್ಮನವರಿಗೆ ತಿಳಿಸಿದಾಗ ಅವರು ಮೊದಲು ಸಿಟ್ಟಾದರು. "ಅಳ್ತೈತ್ರಿ ಕೂಸು! ಅವ್ವ ಹೊಲಕ್ಕ ಹೋಗ್ಯಾಳ, ಅಪ್ಪ ಗಾಡಿ ಮ್ಯಾಲ ಹೋಗ್ಯಾನ. ಅಳೂದು ಕೇಳಕೋತ ಕುಂದರಾಕ ನನಗ ಆಗಂಗಿಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಹಂಗಾರ ನಾನ ಕೂಸಿನ ಹಸಿವಿ ಕೊಂದೆನೇನ ಟೀಚರ?" ಎಂದು ಕೇಳಿದರು. ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಮೆಹಜಬೀನ ಅವರ ಪಕ್ಕದಲ್ಲಿ ಕುಳಿತು, "ಹಂಗ್ಯಾಕ ಅಂತೀರಿ ಆಯಿ? ನೀವು ಅಳು ನಿಲ್ಲಸಾಕ ಕೊಟ್ಟೀರಿ. ಅಕಿ ಅತ್ತಿದ್ದು ಅವ್ವಗ. ಬಿಸ್ಕೀಟಿಗಲ್ಲ" ಎಂದರು. ಅಂದಿನಿಂದ ಚಹಾ, ಬಿಸ್ಕೀಟು, ಪಾಕೀಟು ನಿಲ್ಲಿಸಿ ನೋಡಲಾಯಿತು. ಮಗುವು ಅತ್ತಿತೇ ಹೊರತು ಉಣ್ಣಲಿಲ್ಲ.

11. ಆಗ ಶ್ರೀ ಸಿದ್ದಲಿಂಗೇಶ ಇವರು, ಪ್ರವಾಸದ ಅನುಮತಿಯಾಗಲಿ ನಾಯಿ ಸಾಗಾಣಿಕೆಯ ಅನುಮತಿಯಾಗಲಿ ಇಲ್ಲದೆ, ಶರಣಕುಮಾರರ ಟಂಟಂನಲ್ಲಿ ಕುಷ್ಟಗಿಗೆ ಹೋದರು. ಡಾ. ನಜೀಬ ಇವರು ನಾಯಿಯನ್ನು ಒಪ್ಪಿಸುತ್ತ ಹೇಳಿದ್ದು: "ರೋಗ ಏನೂ ಇಲ್ರಿ ಇದಕ್ಕ. ಬಿಸ್ಕೀಟು, ಚಿಕ್ಕಿ, ಅನ್ನ ತಿಂದು ಕುಂತ ನಾಯಿ. ಹಿಂಗ ಬಿಟ್ರ ಕಾಲು ಹೋಗ್ತಾವ, ಎದಿ ಹೋಗತೈತಿ. ಸಿಹಿ ಬಂದ್. ಊಟ ಅಳತಿ ಮ್ಯಾಲ. ದಿನಾ ಅಡ್ಡಾಡಸ್ರಿ. ಪ್ರೀತಿ ಮಾಡ್ರಿ, ಆದ್ರ ತಿನಿಸಿ ಮಾಡಬ್ಯಾಡ್ರಿ." ಟಂಟಂನಲ್ಲಿದ್ದ ಇತರ ಪ್ರಯಾಣಿಕರು ಆಫೀಸರನಿಗೆ ಕಾಲಿಡಲು ಜಾಗ ಬಿಟ್ಟುಕೊಟ್ಟು ಸಹಕರಿಸಿದರು.

12. ನಾಯಿಯನ್ನು ಕಂಡ ಮಗುವು ಅದರ ಕುತ್ತಿಗೆಗೆ ಜೋತುಬಿದ್ದು, ಬಹಳ ಹೊತ್ತು ಬಿಡಲಿಲ್ಲ. ಆ ಸಂತೋಷದಲ್ಲಿ ಅಜ್ಜಿಯು ತನ್ನ ಮಾತನ್ನು ಮರೆತು ಇಬ್ಬರಿಗೂ ಒಂದೊಂದು ಬಿಸ್ಕೀಟು ತಂದರು. ಪರಿವೀಕ್ಷಕರು ತಡೆದು, ಮಗುವಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ನೋಡವಾ, ಡಾಕ್ಟರ್ ಹೇಳ್ಯಾರ. ಆಫೀಸರಗ ಬಿಸ್ಕೀಟ ಬಂದ್. ತಿಂದ್ರ ಅವಗ ಓಡಾಕ ಆಗಂಗಿಲ್ಲ" ಎಂದರು. "ಪಾಕೀಟು?" ಎಂದು ಮಗು ಕೇಳಿತು. "ಅದೂ ಬಂದ್" ಎಂದರು. ಮಗುವು ನಾಯಿಯನ್ನು ನೋಡಿತು. ನಾಯಿಯು ಬಿಸ್ಕೀಟನ್ನು ನೋಡಿತು. ಕಡೆಗೆ ಮಗುವು ತನ್ನ ಕೈಯಲ್ಲಿದ್ದ ಬಿಸ್ಕೀಟನ್ನು ಅಜ್ಜಿಗೆ ಹಿಂದಿರುಗಿಸಿ, "ಅಂವ ನೋಡಕೋತ ಕುಂದರ್ತಾನ ಆಯಿ. ನನಗೂ ಬ್ಯಾಡ" ಎಂದಿತು. ಈ ತೀರ್ಮಾನವನ್ನು ಯಾವ ಸಭೆಯಲ್ಲಿಯೂ ಮಂಡಿಸಿರಲಿಲ್ಲ.

13. ಆ ನಂತರ ಮಗುವು ಪ್ರತಿ ಮುಂಜಾನೆ ಅಜ್ಜಿಯನ್ನೂ ನಾಯಿಯನ್ನೂ ಕರೆದುಕೊಂಡು ಊರ ಹೊರಗಿನ ಬಯಲಿನವರೆಗೆ ಅಡ್ಡಾಡತೊಡಗಿತು. ಸುನಿತಾ ಇವರು ಹೊಲದ ಮಾಲೀಕರೊಂದಿಗೆ ಮಾತಾಡಿ, ತುಸು ತಡವಾಗಿ ಹೋಗುವಂತೆ ಮಾಡಿಕೊಂಡು, ಮಗಳನ್ನು ತೊಡೆಯ ಮೇಲೆ ಕೂರಿಸಿ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ತಿನ್ನಿಸಿ ಹೊರಡತೊಡಗಿದರು. ಕೇಂದ್ರದಲ್ಲಿ ಮೊದಲ ದಿನ ಮಗುವು ಮೊಟ್ಟೆಯನ್ನು ಎರಡಾಗಿ ಮುರಿದು, ಅರ್ಧವನ್ನು ಅಭ್ಯಾಸಬಲದಿಂದ ಬಾಗಿಲಾಚೆ ಚಾಚಿ, ಹಿಂದಕ್ಕೆ ಎಳೆದುಕೊಂಡು, "ಡಾಕ್ಟರ್ ಬೈತಾರ" ಎಂದು ನಾಯಿಗೆ ಹೇಳಿ, ಎರಡೂ ತುಂಡನ್ನು ತಾನೇ ತಿಂದಿತು. ಇದನ್ನು ಮೆಹಜಬೀನ ಇವರು ಅಡುಗೆ ಕೋಣೆಯ ಬಾಗಿಲ ಮರೆಯಿಂದ ನೋಡಿ, ಒಳಗೆ ಹೋಗಿ ಕಣ್ಣೊರೆಸಿಕೊಂಡರೆಂದು ವರದಿಯಾಗಿದೆ. ಹೊಗೆಯಿಂದಲೂ ಇರಬಹುದು, ಆದರೆ ಕೇಂದ್ರದಲ್ಲಿ ಗ್ಯಾಸ್ ಒಲೆಯಿದೆ.

14. ಈಗ ಮಗುವಿನ ತೂಕವು ಅದರ ವಯಸ್ಸಿಗೆ ತಕ್ಕಷ್ಟು ಏರಿದೆ. ಆಫೀಸರನ ಹೊಟ್ಟೆ ನೆಲ ಬಿಟ್ಟಿದೆ. ಅವನು ಬೆಕ್ಕನ್ನು ಅಟ್ಟಿಸಿಕೊಂಡು ಹೋಗುವಷ್ಟು ಚುರುಕಾಗಿದ್ದಾನೆ, ಹಿಡಿಯುವಷ್ಟು ಇಲ್ಲ. ಇದು ಸಂತೋಷದ ವಿಷಯವಾದರೂ, ಸದರಿ ಹೆಚ್ಚಳ ಹಾಗೂ ಇಳಿಕೆ ಯಾವ ಆದೇಶದ ಅನ್ವಯ ನಡೆಯಿತೆಂಬುದು ಕಡತಗಳಲ್ಲಿ ಎಲ್ಲಿಯೂ ಕಂಡುಬಂದಿಲ್ಲ. ಆದೇಶವಿಲ್ಲದೆ ಮಗುವೊಂದು ದಪ್ಪಗಾಗುವುದು, ನಾಯಿಯೊಂದು ತೆಳ್ಳಗಾಗುವುದು ರೂಢಿಯಾದರೆ ಈ ಕೋಶದ ಅಗತ್ಯವೇ ಪ್ರಶ್ನೆಗೊಳಗಾಗುವ ಸಂಭವವಿದೆ. ಆದ್ದರಿಂದ ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಗಿನಂತೆ ಸೂಚಿಸಲಾಗಿದೆ.

ಸೂಚನೆಗಳು:

(1) ತಾವರಗೇರಾ ಮಗುವಿನ ತೂಕ ಹೆಚ್ಚಳವನ್ನೂ ನಾಯಿಯ ತೂಕ ಇಳಿಕೆಯನ್ನೂ ವಿಶೇಷ ಪ್ರಕರಣವೆಂದು ಪರಿಗಣಿಸಿ ಘಟನೋತ್ತರ ಮಂಜೂರಾತಿ ನೀಡಲಾಗಿದೆ. ಇದನ್ನು ಬೇರೆ ಮಕ್ಕಳು ಪೂರ್ವನಿದರ್ಶನವಾಗಿ ಉಲ್ಲೇಖಿಸತಕ್ಕದ್ದಲ್ಲ.

(2) ಇನ್ನು ಮುಂದೆ ತೂಕ ಹೆಚ್ಚಿಸಿಕೊಳ್ಳಲಿರುವ ಮಕ್ಕಳು ಪೋಷಕರ ಮೂಲಕ ಮುಂಚಿತವಾಗಿ ತಿಳಿಸುವುದು. ತೂಕ ಇಳಿಯಲಿರುವ ಮಕ್ಕಳು ತಿಳಿಸುವ ಅಗತ್ಯವಿಲ್ಲ. ಅದು ಈವರೆಗಿನಂತೆ ಕೋಶದ ಗಮನಕ್ಕೆ ಬಾರದೆಯೇ ನಡೆಯತಕ್ಕದ್ದು.

(3) ಸರಾಸರಿ ತೆಗೆಯುವಾಗ ಮಗುವನ್ನು ಮಗುವಿನೊಂದಿಗೆ ಮಾತ್ರ ಕೂಡಿಸುವುದು. ಯಲಬುರ್ಗಾ ಕಡೆಯ ವರದಿಯೊಂದರಲ್ಲಿ ಎಮ್ಮೆಯನ್ನು ಸೇರಿಸಿದ್ದರಿಂದ ಇಡೀ ಓಣಿಯು ಬೊಜ್ಜಿನ ಪಟ್ಟಿಗೆ ಸೇರಿದೆ. ಎಮ್ಮೆಯನ್ನು ಪಟ್ಟಿಯಿಂದ ಕೈಬಿಡುವುದು. ಅದರ ಹಾಲನ್ನು ಕೈಬಿಡದೆ ಮಗುವಿಗೆ ಕೊಡುವುದು.

(4) ಸಾಕುಪ್ರಾಣಿಗಳಿಗೆ ಹುದ್ದೆಯ ಹೆಸರಿಡುವುದನ್ನು ನಿಷೇಧಿಸಲಾಗಿದೆ. ಮುನಿರಾಬಾದ್‌ನಲ್ಲಿ ‘ಇಂಜಿನಿಯರ್’ ಎಂಬ ಬೆಕ್ಕು ಇರುವುದು ಗಮನಕ್ಕೆ ಬಂದಿದ್ದು, ಹೊಸ ಹೆಸರಿನಿಂದ ಕರೆದರೆ ಅದು ಬರುತ್ತಿಲ್ಲ. ಹಳೆಯ ಹೆಸರಿನಿಂದ ಕರೆದಾಗಲೂ ಬರುತ್ತಿರಲಿಲ್ಲವೆಂದು ಮಾಲೀಕರು ತಿಳಿಸಿರುವುದರಿಂದ ಬದಲಾವಣೆಗೆ ಅಡ್ಡಿಯಿಲ್ಲ.

(5) ನಾಯಿಯು ಬಾಲ ಅಲ್ಲಾಡಿಸುವುದನ್ನು ಆಹಾರಕ್ಕಾಗಿ ಸಲ್ಲಿಸಿದ ಅರ್ಜಿಯೆಂದು ಭಾವಿಸಬಾರದು. ಬಾಲದ ಜೊತೆಗೆ ಕಣ್ಣಿನಿಂದಲೂ ಕೇಳಿದಲ್ಲಿ, ಮಾಲೀಕರು ಬೇರೆ ಕಡೆ ನೋಡತಕ್ಕದ್ದು.

(6) ಮುಂಜಾನೆಯ ಚಹಾವನ್ನು ಅಜ್ಜಿಯರು ಮಾತ್ರ ಕುಡಿಯುವುದು. ಒಬ್ಬರೇ ಕುಡಿಯಲು ಮನಸ್ಸು ಬಾರದಿದ್ದಲ್ಲಿ ನೆರೆಮನೆಯ ಅಜ್ಜಿಯನ್ನು ಕರೆಯುವುದು. ಇಬ್ಬರು ಅಜ್ಜಿಯರು ಕೂಡಿದಾಗ ನಡೆಯುವ ಮಾತುಕತೆಗೆ ಈ ಕೋಶ ಹೊಣೆಯಲ್ಲ.

(7) ಕುರುಕಲು ಪಾಕೀಟಿನ ಬಹುಭಾಗ ಗಾಳಿಯೇ ಆಗಿರುವುದರಿಂದ, ಪಾಕೀಟು ತಿಂದ ಮಗುವಿನ ತೂಕ ಏರಲಿಲ್ಲವೆಂದು ಯಾರೂ ಆಶ್ಚರ್ಯಪಡಬಾರದು. ಗಾಳಿ ಮಾತ್ರ ಬೇಕಾದವರು ಬಾಗಿಲು ತೆರೆಯುವುದು.

(8) ಶ್ರೀರಾಮನಗರದ ಕಡೆ ಭತ್ತ ಹೇರಳವಾಗಿದ್ದು, ಬೆಕ್ಕುಗಳಿಗೆ ಹೊತ್ತುಹೊತ್ತಿಗೆ ಮೊಸರನ್ನ ಹಾಕುತ್ತಿರುವುದರಿಂದ ಅವು ಗೋಡೆ ಹತ್ತಲಾಗದೆ ಕೆಳಗೇ ಕುಳಿತಿವೆ. ಇದರ ನೇರ ಪರಿಣಾಮವಾಗಿ ಇಲಿಗಳ ತೂಕ ಹೆಚ್ಚಿದೆ. ಇಲಿಗಳು ಸಾಕುಪ್ರಾಣಿಗಳೇ ಎಂಬ ಬಗ್ಗೆ ಸ್ಪಷ್ಟೀಕರಣ ಕೋರಲಾಗಿದ್ದು, ಅದು ಬರುವವರೆಗೆ ಬೆಕ್ಕುಗಳು ಇಲಿಗಳನ್ನು ಯಥಾಸ್ಥಿತಿಯಲ್ಲಿ ಕಾಪಾಡುವುದು.

(9) ಅಪೌಷ್ಟಿಕತೆಯ ಕುರಿತ ಸಭೆಗಳಲ್ಲಿ ಉಪಾಹಾರ ಸೇವಿಸಿದ ಸದಸ್ಯರ ತೂಕ ಹೆಚ್ಚಿದಲ್ಲಿ, ಆ ಹೆಚ್ಚಳವನ್ನು ಜಿಲ್ಲೆಯ ಸಾಧನೆಯಲ್ಲಿ ತೋರಿಸಬಾರದು. ಕಳೆದ ಸಾಲಿನಲ್ಲಿ ತೋರಿಸಿರುವುದನ್ನು ಹಾಗೆಯೇ ಬಿಡುವುದು.

(10) ಮಕ್ಕಳ ಅಳುವನ್ನು ಮೂರು ಬಗೆಯಾಗಿ ವಿಂಗಡಿಸಲಾಗಿದೆ: ಹಸಿವಿನ ಅಳು, ಪಾಕೀಟಿನ ಅಳು, ಅವ್ವನ ಅಳು. ಮೊದಲನೆಯದಕ್ಕೆ ಊಟ ಕೊಡುವುದು. ಎರಡನೆಯದನ್ನು ತಾಳಿಕೊಳ್ಳುವುದು. ಮೂರನೆಯದಕ್ಕೆ ಕೊಡಲು ಈ ಕೋಶದ ಬಳಿ ಏನೂ ಇಲ್ಲ. ಅಂಥ ಮಗುವನ್ನು ಎತ್ತಿಕೊಳ್ಳುವುದು.

(11) ಶ್ರೀಮತಿ ಮೆಹಜಬೀನ ಇವರನ್ನು ಬೇರೆ ಕೇಂದ್ರಕ್ಕೆ ಕಳುಹಿಸುವ ಪ್ರಸ್ತಾವವು, ನಿಜವಾದ ತೂಕ ಬರೆದ ಕಾರಣಕ್ಕೆ, ಕೋಶದ ಮುಂದಿತ್ತು. ಇದನ್ನು ಕೇಳಿ ಶ್ರೀಮತಿ ಪಾರ್ವತೆಮ್ಮ ಇವರು ಓಣಿಯ ಹೆಣ್ಣುಮಕ್ಕಳೊಂದಿಗೆ ಕೊಪ್ಪಳಕ್ಕೆ ಬಂದು, ಕಚೇರಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಕುಳಿತು, "ಟೀಚರ ಹೋದ್ರ ನಾವೂ ಇಲ್ಲೇ ಉಣ್ಣಕೋತ ಕುಂದರತೀವ್ರಿ" ಎಂದರು. ಸಿಬ್ಬಂದಿಗೂ ರೊಟ್ಟಿ, ಶೇಂಗಾ ಚಟ್ನಿ ಹಂಚಲಾಯಿತು. ಊಟದ ಬಳಿಕ ಪ್ರಸ್ತಾವವನ್ನು ಕೈಬಿಡಲಾಗಿದೆ.

(12) ಅನುಮತಿಯಿಲ್ಲದೆ ನಾಯಿಯನ್ನು ಮರಳಿ ತಂದ ಬಗ್ಗೆ ಶ್ರೀ ಸಿದ್ದಲಿಂಗೇಶ ಇವರಿಗೆ ಕಾರಣ ಕೇಳುವ ನೋಟಿಸ್ ನೀಡಲಾಗಿತ್ತು. ಅವರ ಪೂರ್ಣ ಉತ್ತರ: "ಹುಡುಗಿ ಉಣ್ಣವಲ್ದಾಗಿತ್ರಿ." ಈ ಉತ್ತರವು ಯಾವ ನಿಯಮದ ಅಡಿಯಲ್ಲಿಯೂ ಬರುವುದಿಲ್ಲ. ಇದು ತಪ್ಪೆಂದು ಹೇಳುವ ನಿಯಮವನ್ನು ಹುಡುಕಲಾಯಿತು, ಅದೂ ಸಿಗಲಿಲ್ಲ. ನಿಯಮ ಸಿಗುವವರೆಗೆ ಅವರು ಹೀಗೆಯೇ ಕೆಲಸ ಮಾಡಬಹುದು.

ಈ ಮೇಲಿನ ಸೂಚನೆಗಳನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗದ ಸಮಸ್ತ ಮಕ್ಕಳು, ಅಜ್ಜಿಯರು ಹಾಗೂ ಸಾಕುಪ್ರಾಣಿಗಳು ಚಾಚೂ ತಪ್ಪದೆ ಪಾಲಿಸತಕ್ಕದ್ದು. ಓದಲು ಬಾರದೆಂಬ ನೆಪವನ್ನು ನಾಯಿಗಳ ವಿಷಯದಲ್ಲಿ ಮಾತ್ರ ಪರಿಗಣಿಸಲಾಗುವುದು.

(ಸಹಿ)
ಅಂದಪ್ಪ
ಪ್ರಭಾರ ಸಮನ್ವಯಾಧಿಕಾರಿ
ಜಿಲ್ಲಾ ತೂಕ ಸಮನ್ವಯ ಕೋಶ, ಕೊಪ್ಪಳ

ಪ್ರತಿಗಳು:
1. ಎಲ್ಲಾ ಅಂಗನವಾಡಿ ಕೇಂದ್ರಗಳಿಗೆ, ಗೋಡೆಗೆ ಅಂಟಿಸಲು. ಅಂಟಿಗಾಗಿ ಮಕ್ಕಳ ಗಂಜಿಯನ್ನು ಬಳಸಬಾರದು.
2. ಡಾ. ನಜೀಬ, ಕುಷ್ಟಗಿ, ಇವರಿಗೆ. ಅವರ ಸಲಹೆಯನ್ನು ಮನುಷ್ಯರೂ ಪಾಲಿಸುತ್ತಿರುವ ಬಗ್ಗೆ ಮಾಹಿತಿಗಾಗಿ.
3. ಮೊಟ್ಟೆಯ ಬಿಳಿಯ ಭಾಗ ಮಾತ್ರ ತಿನ್ನುವ ಅಧಿಕಾರಿಗೆ, ನೆಮ್ಮದಿಗಾಗಿ.
4. ಶ್ರೀಮತಿ ಸುನಿತಾ ಇವರಿಗೆ. ಮಾರ್ಗದರ್ಶನ ಇನ್ನೂ ಪರಿಶೀಲನೆಯಲ್ಲಿದೆ; ಕಾಯಬೇಕಾಗಿಲ್ಲ.
5. ಕುಮಾರಿ ವಾಣಿಶ್ರೀ, ತಾವರಗೇರಾ, ಇವರಿಗೆ. ಟೀಚರ ಓದಿ ಹೇಳುವುದು. ಮಗು ಊಟಕ್ಕೆ ಕುಳಿತಿದ್ದಲ್ಲಿ ಓದತಕ್ಕದ್ದಲ್ಲ.